ಮೂರು ಕಟ್ಟು ಎಸಳಿನ ಗುಲಾಬಿ

ನಮ್ಮ ಅಂಗಳದ ಗುಲಾಬಿ ಗಿಡ ವರ್ಷದಲ್ಲಿ ಇಪ್ಪತ್ತೆರಡು ದಿನ ಮಾತ್ರ ಕೆಲಸ ಮಾಡುತ್ತದೆ. ಉಳಿದ ಮುನ್ನೂರ ನಲವತ್ತಮೂರು ದಿನ ಅದಕ್ಕೆ ರಜೆ. ಮದುವೆಯಾಗಿ ಮಡಂತ್ಯಾರಿಗೆ ಬಂದ ಮೊದಲ ವರ್ಷವೇ ನಾನು ಇದನ್ನು ಜೋರಾಗಿ ಹೇಳಿದ್ದೆ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕೆಲವರು ದಿನಾ ಮಾತಾಡ್ತಾರೆ, ಕೆಲವರು ಬೇಕಾದಾಗ ಮಾತ್ರ ಮಾತಾಡ್ತಾರೆ. ಈ ಗಿಡ ಎರಡನೇ ಜಾತಿ" ಎಂದರು. ನಾನು ಯಾವ ಜಾತಿ ಎಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಅತ್ತೆಯ ಬಗ್ಗೆ ಬರೆಯಲು ನನಗೆ ಯಾರೂ ಹೇಳಿಲ್ಲ. ಮೊನ್ನೆ ಅಚ್ಚಾಗಿ ಬಂದ ಪುಸ್ತಕದಲ್ಲಿ ಅವರಿಗೆ ಸಿಕ್ಕಿದ್ದು ಒಂದೂವರೆ ಸಾಲು. ಅಷ್ಟರಲ್ಲಿ ಮುಗಿಯುವ ಹೆಂಗಸು ಅವರಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಹೆಸರು ಸೇಸಮ್ಮ. ವಯಸ್ಸು ಎಪ್ಪತ್ತೊಂದು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ, ಬೀಡಿ ಕಟ್ಟಲು ಕೂತದ್ದು ಹನ್ನೊಂದನೇ ವರ್ಷಕ್ಕೆ. ಮಾತಾಡುತ್ತಾ, ಟಿವಿ ನೋಡುತ್ತಾ, ನಡುವೆ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾ ಇಪ್ಪತ್ತೈದು ಬೀಡಿಗೆ ನೂಲು ಸುತ್ತಿ ಒಂದು ಕಟ್ಟು ಮಾಡುತ್ತಾರೆ. ಕಣ್ಣಿಂದ ಎಣಿಸುವುದಿಲ್ಲ, ಬೆರಳಿಂದ ಎಣಿಸುತ್ತಾರೆ. ಬೀಡಿ ಕೊಡಲು ಹೋಗುವ ಬ್ರಾಂಚಿನಲ್ಲಿ ಎಲ್ಲರ ಕಟ್ಟನ್ನೂ ಬಿಚ್ಚಿ ನೋಡುವ ಯಜಮಾನರು ಅತ್ತೆಯ ಕಟ್ಟನ್ನು ಬಿಚ್ಚುತ್ತಿರಲಿಲ್ಲ. ಒಮ್ಮೆ ಹೊಸದಾಗಿ ಬಂದ ಒಬ್ಬ ಬಿಚ್ಚಿದ. ಅತ್ತೆ ಬಾಗಿಲ ಹೊರಗೆ ನಿಂತು, ಅವನು ಎಲ್ಲ ಕಟ್ಟುಗಳನ್ನೂ ಎಣಿಸಿ ಮುಗಿಸುವವರೆಗೆ ಕಾದು, "ಸರಿ ಉಂಟಾ?" ಎಂದು ಕೇಳಿ ಮನೆಗೆ ಬಂದರು. ಆಮೇಲೆ ಅವನೂ ಬಿಚ್ಚಲಿಲ್ಲ.

ಗುಲಾಬಿ ಅವರ ಜೊತೆಗೇ ಬಂದದ್ದು. ವಿಟ್ಲದಾಚೆಯ ಕನ್ಯಾನದಿಂದ ಮದುವೆಯಾಗಿ ಹೊರಟಾಗ ಅವರ ಅಮ್ಮ ಬೇರು ಬಿಟ್ಟ ಒಂದು ಸಣ್ಣ ಕೊಂಬೆಯನ್ನು, ನಮ್ಮ ಕಡೆಯ ಮಾತಲ್ಲಿ ಗೆಲ್ಲನ್ನು, ಮಣ್ಣಿನ ಸಮೇತ ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದರಂತೆ. ಮೂರು ಬಸ್ಸು ಬದಲಿಸಿ, ಮದುವೆ ಸೀರೆಗೆ ಮಣ್ಣು ತಾಗಿಸಿಕೊಂಡು ತಂದರು. ಮಾವ ಹುಕ್ರಪ್ಪ ಕೆಂಪು ಕಲ್ಲು ಕಡಿಯುವ ಕೆಲಸದವರು, ಈಗ ಇಲ್ಲ. "ನನಗಿಂತ ಮೊದಲು ಅದಕ್ಕೆ ಜಾಗ ತೋರಿಸಿದ್ದಾಳೆ" ಎಂದು ಕೊನೆಯವರೆಗೂ ತಮಾಷೆ ಮಾಡುತ್ತಿದ್ದರು. ಐದು ಸೆಂಟ್ಸಿನ ಜಾಗದಲ್ಲಿ ಆ ಗಿಡಕ್ಕೇ ಕಾಲು ಸೆಂಟ್ಸು ಹೋಗಿದೆ. ಬೀಡಿ ಎಲೆ ಕತ್ತರಿಸಿ ಉಳಿದ ಚೂರು, ಮಡಿಲಲ್ಲಿಟ್ಟು ಬೀಡಿ ಕಟ್ಟುವ ತಡ್ಪೆಯೆಂಬ ಮೊರ ಕೊಡವಿದ ಹೊಗೆಸೊಪ್ಪಿನ ಪುಡಿ ಎಲ್ಲ ಅದರ ಬುಡಕ್ಕೆ. ಅರ್ಧ ಶತಮಾನ ಅದು ಬೇರೆ ಗೊಬ್ಬರ ಕಂಡಿಲ್ಲ.

ಅತ್ತೆಯದು ಒಂದು ಪದ್ಧತಿ ಇತ್ತು. ಊರಿನ ಎಷ್ಟೋ ಹುಡುಗಿಯರು ಅವರ ಜಗಲಿಯಲ್ಲೇ ಬೀಡಿ ಕಲಿತವರು. ಯಾವ ಹುಡುಗಿಯ ಬೀಡಿ ಬ್ರಾಂಚಿನಲ್ಲಿ ಒಂದೂ ವಾಪಸು ಬರದೆ ಪಾಸಾಯಿತೋ, ಅವಳಿಗೆ ಆ ವರ್ಷದ ಆಟಿ ತಿಂಗಳ ಮಳೆಯಲ್ಲಿ ಗುಲಾಬಿಯ ಒಂದು ಗೆಲ್ಲನ್ನು ಬಗ್ಗಿಸಿ, ಮಣ್ಣಲ್ಲಿ ಹೂತು, ಮೇಲೆ ಕಲ್ಲಿಟ್ಟು, ಬೇರು ಬಂದ ಮೇಲೆ ಕಡಿದು ಕೊಡುವುದು. ಕೊಡುವಾಗ ಒಂದೇ ಮಾತು: "ಕತ್ತಿ ತಾಗಿಸಬೇಡ." ಆಮೇಲೆ ಆ ಗಿಡ ಬದುಕಿತಾ ಸತ್ತಿತಾ ಎಂದು ಅವರು ವಿಚಾರಿಸಿದ್ದಿಲ್ಲ. ಕೊಟ್ಟದ್ದನ್ನು ವಿಚಾರಿಸುವುದು ಮರ್ಯಾದೆಯಲ್ಲ ಎಂಬುದು ಅವರ ಲೆಕ್ಕ. ನನಗೆ ಗೆಲ್ಲು ಸಿಗಲಿಲ್ಲ. ನಾನು ಬೀಡಿ ಕಟ್ಟುವವಳಲ್ಲ, ಮಲ್ಲಿಗೆಯವಳು. ಮೂಡುಬಿದಿರೆ ಹತ್ತಿರದ ಶಿರ್ತಾಡಿಯ ನನ್ನ ತವರಿನಲ್ಲಿ ಮೂವತ್ತು ಬುಡ ಮಲ್ಲಿಗೆ ಇತ್ತು. ಗೆಲ್ಲು ಕಡಿದು ಮಲ್ಲಿಗೆ ಸವರುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಲ್ಲೇ ಇರಲಿಲ್ಲ. ಈ ಜಂಬವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ವಿಸ್ಮಿತಾ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕಿನ ಮನೆಯಂಗಳಗಳಲ್ಲಿ ಮಾತ್ರ ಉಳಿದಿರುವ ಹಳೆಯ ಗಿಡಗಳ ಬಗ್ಗೆ ಒಂದು ದಾಖಲೆ ಪುಸ್ತಕ ಮಾಡುತ್ತಿದ್ದಳು. ನರ್ಸರಿಯಲ್ಲಿ ಸಿಗದ ಒಂದು ಗುಲಾಬಿ ಇಲ್ಲಿ ಉಂಟು ಎಂದು ಯಾರೋ ಹೇಳಿದ್ದರಂತೆ. ಕೈಯಲ್ಲಿ ಒಂದು ಫಾರಂ, ಅದರಲ್ಲಿ ಗಿಡದ ಗುಣಲಕ್ಷಣಗಳ ಕಾಲಂ. ಅತ್ತೆ ತಡ್ಪೆಯನ್ನು ಬದಿಗಿಟ್ಟು ಕೈ ತೊಳೆದು ಬಂದು ಕೂತರು. ಬೀಡಿ ಕೆಲಸ ನೋಡಲು ಇನ್ಸ್‌ಪೆಕ್ಟರ್ ಬಂದಾಗಲೂ ಅವರು ತಡ್ಪೆ ಕೆಳಗಿಟ್ಟದ್ದನ್ನು ನಾನು ನೋಡಿಲ್ಲ.

"ಎತ್ತರ ಎಷ್ಟಮ್ಮ?"

"ನನ್ನ ಮಂಡೆಗಿಂತ ಒಂದು ಗೇಣು ಹೆಚ್ಚು. ಮೇಲೆ ಹೋಗಿ ಆಮೇಲೆ ಬಗ್ತದೆ. ಹೂ ಬಂದಾಗ ನೆಲ ಮುಟ್ತದೆ."

"ಮುಳ್ಳು?"

"ದೊಡ್ಡದು ಕಡಿಮೆ. ಸಣ್ಣದಕ್ಕೆ ಲೆಕ್ಕ ಇಲ್ಲ. ದೊಡ್ಡದು ಕಣ್ಣಿಗೆ ಕಾಣ್ತದೆ, ತಪ್ಪಿಸಿಕೊಳ್ಳಬಹುದು. ಸಣ್ಣದರದ್ದೇ ಪಿರಿಪಿರಿ." ಹೀಗೆ ಹೇಳುವಾಗ ಅವರು ನನ್ನ ಕಡೆ ಯಾಕೆ ನೋಡಿದರೋ ಗೊತ್ತಿಲ್ಲ.

"ಹೂವಿನ ಬಣ್ಣ?"

"ಪಿಂಕ್" ಎಂದು ನಾನು ಬಾಯಿ ಹಾಕಿದೆ.

"ಪಿಂಕ್ ಅಂದ್ರೆ ಅಂಗಡಿಯ ರಿಬ್ಬನ್ನೂ ಪಿಂಕೇ" ಎಂದರು ಅತ್ತೆ. "ಬರೆಯಿರಿ ಟೀಚರ್. ಹುಟ್ಟಿದ ಮಗುವಿನ ಹಿಮ್ಮಡಿ ಉಂಟಲ್ಲ, ಆ ಬಣ್ಣ. ಮೂರನೇ ದಿನಕ್ಕೆ ಅಂಚು ಬಿಳಿ ಆಗ್ತದೆ, ನಡು ಹಾಗೇ ಉಳೀತದೆ. ಒಂದು ಗೊಂಚಲಲ್ಲಿ ಐದು ಮೊಗ್ಗು. ನಡುವಿನದ್ದು ಮೊದಲು ಅರಳ್ತದೆ. ಬಾಡಿದ ಮೇಲೂ ಪರಿಮಳ ಹೋಗುವುದಿಲ್ಲ, ಪೆಟ್ಟಿಗೆಯಲ್ಲಿ ಸೀರೆ ನಡುವೆ ಇಟ್ಟರೆ ಮುಂದಿನ ವರ್ಷದ ತನಕ ಉಂಟು."

ನಾಲ್ಕು ತಿಂಗಳ ಮಳೆಗೆ ಎಲೆಯಲ್ಲಿ ಕಪ್ಪು ಚುಕ್ಕೆ ಬರುವುದಿಲ್ಲವೇ ಎಂದು ವಿಸ್ಮಿತಾ ಕೇಳಿದಳು. ಒಂದು ಚುಕ್ಕೆ ತೋರಿಸಿದರೆ ಗಿಡವನ್ನೇ ಕೊಟ್ಟುಬಿಡ್ತೇನೆ ಎಂದರು ಅತ್ತೆ. ವಿಸ್ಮಿತಾ ನಿಜವಾಗಿಯೂ ಎದ್ದು ಹೋಗಿ ಹುಡುಕಿದಳು, ಸಿಗಲಿಲ್ಲ.

"ಒಂದು ಹೂವಿಗೆ ಎಸಳು ಎಷ್ಟಿರಬಹುದು?"

"ಮೂರು ಕಟ್ಟು. ಒಂದೆರಡು ಹೆಚ್ಚು ಕಡಿಮೆ."

ಬೀಡಿಯ ಒಂದು ಕಟ್ಟಿಗೆ ಇಪ್ಪತ್ತೈದು ಎಂದು ನಾನು ವಿವರಿಸಿದೆ. ಅವಳು ಎಪ್ಪತ್ತೈದು ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದಳು. ಆಮೇಲೆ, ವರ್ಷದಲ್ಲಿ ಎಷ್ಟು ಸಲ ಹೂ ಬಿಡುತ್ತದೆ ಎಂಬ ಕಾಲಂ ಬಂತು.

"ಒಂದೇ ಸಲ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ" ಎಂದರು ಅತ್ತೆ.

ವಿಸ್ಮಿತಾ ಫಾರಂ ಮಡಚುತ್ತಾ ಒಂದು ವಿಷಯ ಸ್ಪಷ್ಟವಾಗಿ ಹೇಳಿದಳು. ಬಾಯಿಮಾತು ಸಾಲದು, ಅವಳೇ ಹೂವನ್ನು ಕಣ್ಣಾರೆ ನೋಡಿ, ಎಸಳು ಎಣಿಸಿ, ಫೋಟೊ ತೆಗೆದರೆ ಮಾತ್ರ ಪುಸ್ತಕಕ್ಕೆ ಸೇರುತ್ತದೆ. ಫೆಬ್ರವರಿ ಕೊನೆಗೆ ಕೆಲಸ ಮುಗಿಯಬೇಕು, ಮುಂದಿನ ವರ್ಷಕ್ಕೆ ಕಾಯಲು ಆಗುವುದಿಲ್ಲ. "ಮಕರ ಸಂಕ್ರಮಣ ಕಳೆದು ಹತ್ತು ದಿನಕ್ಕೆ ಬನ್ನಿ. ಹೂ ಇಲ್ಲದಿದ್ದರೆ ನನ್ನ ಹೆಸರು ಸೇಸಮ್ಮ ಅಲ್ಲ" ಎಂದರು ಅತ್ತೆ.

ಅವಳು ಹೋದ ಮೇಲೆ ಅತ್ತೆ ಬಹಳ ಹೊತ್ತು ತಡ್ಪೆ ಮುಟ್ಟಲಿಲ್ಲ. "ಆ ಪುಸ್ತಕ ಎಷ್ಟು ವರ್ಷ ಇರ್ತದೆ ಹರಿಣಾಕ್ಷಿ?" ಎಂದು ಕೇಳಿದರು. ಲೈಬ್ರರಿಯಲ್ಲಿ ಇಡ್ತಾರಂತೆ, ನೂರು ವರ್ಷ ಇದ್ದೀತು ಎಂದೆ.

"ಅರುವತ್ತು ವರ್ಷ ಕಟ್ಟಿದ್ದೆಲ್ಲ ಹೊಗೆಯಾಗಿ ಹೋಯ್ತು" ಎಂದರು ಅವರು. "ಇದೊಂದು ನಿಲ್ಲಲಿ."

ನನ್ನ ಅತ್ತೆ ಏನನ್ನೂ ಬೇಕು ಎಂದು ಕೇಳಿದವರಲ್ಲ. ಆ ದಿನ ಕೇಳಿದರು. ಅದಕ್ಕೇ ನಾನು ಮಾಡಿದ ಕೆಲಸ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನವೆಂಬರಿನಲ್ಲಿ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಲು ಮೂಡುಬಿದಿರೆಗೆ ಕರೆದುಕೊಂಡು ಹೋದೆವು. ನನ್ನ ನಾದಿನಿಯ ಮನೆ ಅಲ್ಲೇ ಇರುವುದರಿಂದ ಹತ್ತು ದಿನ ಅಲ್ಲೇ ಉಳಿದರು. ಇಲ್ಲಿ ನಾನು ಅಂಗಳ ಗುಡಿಸುವಾಗ ಗುಲಾಬಿಯ ಕಡೆ ನೋಡಿದೆ. ಮಳೆಗಾಲ ಮುಗಿದು ಗಿಡ ಕೆದರಿದ ತಲೆಯಂತೆ ನಿಂತಿತ್ತು. ಉದ್ದುದ್ದ ಗೆಲ್ಲುಗಳು, ಒಂದರ ಮೇಲೆ ಒಂದು. ದೊಡ್ಡ ಜನ ನೋಡಲು ಬರುವ ಗಿಡ, ಫೋಟೊ ತೆಗೆಯುವ ಗಿಡ. ಮಲ್ಲಿಗೆಯ ಊರಲ್ಲಿ ಹುಟ್ಟಿದವಳಿಗೆ ಇದು ಸಹಿಸುವ ನೋಟವಲ್ಲ. ಮಳೆ ಬಿಟ್ಟ ಮೇಲೆ ಮಲ್ಲಿಗೆಯನ್ನು ಮೊಣಕಾಲಿನ ಮಟ್ಟಕ್ಕೆ ಸವರಿದರೆ ಹೊಸ ಚಿಗುರು ಬರುತ್ತದೆ, ಚಿಗುರಿನ ತುದಿಯಲ್ಲೆಲ್ಲ ಮೊಗ್ಗು. ಹೆಚ್ಚು ಸವರಿದಷ್ಟು ಹೆಚ್ಚು ಹೂ. ಇದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಅತ್ತೆ ಕತ್ತಿ ತಾಗಿಸಬೇಡ ಎನ್ನುವುದು ಹಳೆಯ ಕಾಲದ ಹೆದರಿಕೆ, ಈ ಸಲ ಎರಡು ಪಾಲು ಹೂ ಬರಿಸಿ ತೋರಿಸುತ್ತೇನೆ ಎಂದುಕೊಂಡೆ. ಕತ್ತಿ ಮಸೆದು, ಅರ್ಧ ದಿನ ಕೂತು, ಗಿಡವನ್ನು ಸೊಂಟಕ್ಕಿಂತ ಕೆಳಗೆ ಸವರಿದೆ. ಕಡಿದ ಜಾಗ ಒಂದೊಂದೂ ಓರೆಯಾಗಿ, ನುಣ್ಣಗೆ, ನೀರು ನಿಲ್ಲದ ಹಾಗೆ. ಗಂಡ ವಸಂತ ಸಂಜೆ ಬಂದು ನೋಡಿ, "ಅಮ್ಮನಿಗೆ ಕೇಳಿದ್ದೀಯಾ ಮಾರಾಯ್ತಿ?" ಎಂದರು. ಕೇಳಿ ಮಾಡಿದರೆ ಸರ್‌ಪ್ರೈಸ್ ಹೇಗೆ ಆಗ್ತದೆ ಎಂದೆ.

ಅತ್ತೆ ಬಂದು ಆಟೋದಿಂದ ಇಳಿದರು. ಹೊಸ ಕಣ್ಣು, ಕಪ್ಪು ಕನ್ನಡಕ. ಕನ್ನಡಕ ತೆಗೆದು ನೋಡಿದರು. ಗಿಡದ ಹತ್ತಿರ ಹೋಗಿ ಕಡಿದ ತುದಿಗಳನ್ನು ಒಂದೊಂದಾಗಿ ಹೆಬ್ಬೆರಳಿಂದ ಮುಟ್ಟಿದರು. ಆಮೇಲೆ ಜಗಲಿಗೆ ಬಂದು ಕೂತರು.

"ಮಗಾ, ಇದು ಮಲ್ಲಿಗೆ ಅಲ್ಲ" ಎಂದರು. "ಇದು ಹೊಸ ಚಿಗುರಲ್ಲಿ ಹೂ ಬಿಡುವುದಿಲ್ಲ. ಹಿಂದಿನ ಮಳೆಗಾಲದ ಗೆಲ್ಲಲ್ಲಿ ಬಿಡುವುದು. ಅದು ಈಗ ಎಲ್ಲಿ ಉಂಟು?"

ನಾನು ಒಲೆಗೆ ಹಾಕಿದ್ದೆ.

ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಡಿಸೆಂಬರಿನಲ್ಲಿ ಗಿಡ ನಾನು ಅಂದುಕೊಂಡಂತೆಯೇ ಚಿಗುರಿತು, ಎಳೆ ಹಸಿರು ಗೆಲ್ಲುಗಳು ದಿನಕ್ಕೆ ಅರ್ಧ ಬೆರಳು ಏರಿದವು. ನಾನು ದಿನಾ ಬೆಳಿಗ್ಗೆ ತುದಿ ಬಗ್ಗಿಸಿ ಮೊಗ್ಗು ಹುಡುಕುತ್ತಿದ್ದೆ. ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ನನ್ನ ಧೈರ್ಯ ಮುಗಿಯಿತು. ಮಡಂತ್ಯಾರಿನ ನರ್ಸರಿಗೆ ಹೋಗಿ ತುಂಬ ಹೂವಿದ್ದ ಗುಲಾಬಿ ಗಿಡದ ಒಂದು ಚಟ್ಟಿ ತಂದೆ. ಬಣ್ಣ ಸುಮಾರಾಗಿ ಹೊಂದುತ್ತಿತ್ತು. ಅತ್ತೆ ಅದನ್ನು ಮೂಸಿಯೂ ನೋಡಲಿಲ್ಲ.

"ಬ್ರಾಂಚಿನಲ್ಲಿ ನನ್ನ ಕಟ್ಟು ಯಾಕೆ ಬಿಚ್ಚುವುದಿಲ್ಲ ಗೊತ್ತುಂಟಾ? ಒಳಗೆ ನಾನು ಒಂದು ದಿನವೂ ಸುಳ್ಳು ಕಟ್ಟಿಲ್ಲ. ಇದನ್ನು ವಾಪಸು ಕೊಟ್ಟು ಬಾ. ಟೀಚರಿಗೆ ಫೋನ್ ಮಾಡಿ ಹೂ ಇಲ್ಲ, ಬರಬೇಡಿ ಅಂತ ಹೇಳು."

ಚಟ್ಟಿ ವಾಪಸು ಕೊಟ್ಟೆ. ಫೋನ್ ಮಾಡಲಿಲ್ಲ. ಅತ್ತೆಯಿಂದ ಗೆಲ್ಲು ತೆಗೆದುಕೊಂಡು ಹೋದ ಹೆಂಗಸರನ್ನು ಒಬ್ಬೊಬ್ಬರಾಗಿ ಹುಡುಕಲು ಶುರು ಮಾಡಿದೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ, ಕೊಟ್ಟದ್ದನ್ನು ವಿಚಾರಿಸುವ ಚಾಳಿ ನಿನಗೆ ಎಲ್ಲಿಂದ ಬಂತು ಎನ್ನುತ್ತಿದ್ದರು. ಹನ್ನೊಂದು ಜನ ಸಿಕ್ಕಿದರು, ಯಾರ ಅಂಗಳದಲ್ಲೂ ಗಿಡ ಉಳಿದಿರಲಿಲ್ಲ. ಒಬ್ಬಳು ಅದನ್ನು ಕಿತ್ತು ಕ್ರೋಟನ್ ನೆಟ್ಟಿದ್ದಳು, ಒಬ್ಬಳ ಗಿಡ ರಸ್ತೆ ಅಗಲವಾದಾಗ ಹೋಗಿತ್ತು, ಒಬ್ಬಳು ಯಾವ ಗುಲಾಬಿ ಎಂದೇ ಕೇಳಿದಳು. "ವರ್ಷಕ್ಕೆ ಒಮ್ಮೆ ಬಿಡುವ ಹೂವಿಗೆ ವರ್ಷ ಇಡೀ ಯಾರು ನೀರು ಹಾಕ್ತಾರೆ?" ಎಂದು ಇನ್ನೊಬ್ಬಳು ನಕ್ಕಳು. ಇದೇ ಮಾತನ್ನು ಆಡಿದ್ದ ನನಗೆ ಅವಳ ಮೇಲೆ ಸಿಟ್ಟು ಬಂತು. ಉಳಿದದ್ದು ಖತೀಜಮ್ಮ ಒಬ್ಬರು.

ಖತೀಜಮ್ಮ ಮೂವತ್ತು ವರ್ಷದ ಹಿಂದೆ ನಮ್ಮ ಬೇಲಿಯಾಚೆಯ ಬಾಡಿಗೆ ಮನೆಯಲ್ಲಿದ್ದವರು. ಅವರ ಗಂಡ ಅಬ್ದುಲ್ ರವೂಫ್ ಆಗ ಮಡಂತ್ಯಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಹೊಸ ಮದುಮಗಳು ಹೊತ್ತು ಹೋಗದೆ ನಮ್ಮ ಜಗಲಿಗೆ ಬಂದು ಬೀಡಿ ಕಲಿತರಂತೆ. ಆಮೇಲೆ ಅವರು ಪಾಣೆಮಂಗಳೂರಿಗೆ ಹೋದರು, ಮಗ ಬಾಸಿತ್ ದುಬೈಗೆ ಹೋದ, ಹಳೆಯ ಮನೆ ಕೆಡವಿ ದೊಡ್ಡ ಮನೆ ಕಟ್ಟಿದರು. ಅಷ್ಟು ದೊಡ್ಡ ಮನೆ ಎದ್ದ ಜಾಗದಲ್ಲಿ ಒಂದು ಗುಲಾಬಿ ಗಿಡ ಉಳಿದಿರುತ್ತದೆಯೇ? ಆಸೆ ಇಲ್ಲದೆಯೇ ಬಸ್ಸು ಹತ್ತಿದೆ.

ಮನೆಯ ದಾರಿ ಕೇಳಬೇಕಾಗಲಿಲ್ಲ. ರಸ್ತೆಯಿಂದಲೇ ಕಂಡಿತು. ಹೊಸ ಕಂಪೌಂಡ್ ಗೋಡೆ ನೆಟ್ಟಗೆ ಬಂದು, ಒಂದು ಕಡೆ ಇದ್ದಕ್ಕಿದ್ದ ಹಾಗೆ ಹೊರಗೆ ಡೊಂಕಾಗಿ, ಅರ್ಧ ವೃತ್ತ ಸುತ್ತಿ, ಮತ್ತೆ ನೆಟ್ಟಗೆ ಹೋಗಿತ್ತು. ಆ ಡೊಂಕಿನೊಳಗಿಂದ ನಮ್ಮ ಗುಲಾಬಿಯ ಗೆಲ್ಲುಗಳು ಗೋಡೆ ಹಾರಿ ರಸ್ತೆಗೆ ಬಾಗಿದ್ದವು. ಪ್ರತಿ ಗೆಲ್ಲಲ್ಲೂ ಗೋಧಿ ಕಾಳಿನಷ್ಟು ಮೊಗ್ಗು, ಐದೈದರ ಗೊಂಚಲು. ನಾನು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.

ಖತೀಜಮ್ಮ ಒಳಗೆ ಕರೆದು ಕೂರಿಸಿದರು. "ಕಂಟ್ರಾಕ್ಟರ್ ಹೇಳಿದ, ಗಿಡ ತೆಗೆಯುವ, ಗೋಡೆ ಚಂದ ಬರ್ತದೆ ಅಂತ. ಬಾಸಿತ್ ಫೋನಲ್ಲಿ ಹೇಳಿದ, ಉಮ್ಮ, ಬೇರೆ ಹತ್ತು ಗುಲಾಬಿ ತರುವ ಅಂತ. ನಾನು ಹೇಳಿದೆ, ಗೋಡೆ ನಿಮ್ಮದು, ಹೇಗೆ ಬೇಕಾದರೂ ಬಗ್ಗಿಸಿ. ಗಿಡ ಬಗ್ಗುವುದಿಲ್ಲ. ಅದು ನನ್ನ ಬೀಡಿ ಪಾಸಾದದ್ದಕ್ಕೆ ಸಿಕ್ಕಿದ್ದು." ಅವರು ನಕ್ಕರು. "ನನಗೆ ಬೇರೆ ಯಾವ ಸರ್ಟಿಫಿಕೇಟ್ ಉಂಟು ಮಗಳೇ? ಸೇಸಕ್ಕ ಕತ್ತಿ ತಾಗಿಸಬೇಡ ಅಂದಿದ್ದರು. ತಾಗಿಸಲಿಲ್ಲ."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಮೊದಲು ಒಪ್ಪಲಿಲ್ಲ. "ನನ್ನ ಹೂವನ್ನು ಇನ್ನೊಬ್ಬರ ಅಂಗಳದಲ್ಲಿ ತೋರಿಸುವುದಾ?" ಎಂದರು. ನಾನು ಗೋಡೆಯ ವಿಷಯ ಹೇಳಿದೆ. ಬೀಡಿ ಕಟ್ಟುತ್ತಿದ್ದ ಕೈ ನಿಂತಿತು. "ಎಷ್ಟು ಬಗ್ಗಿಸಿದ್ದಾಳೆ?" ಎಂದು ಕೇಳಿದರು. ಎರಡು ಕೈ ಅಗಲಿಸಿ ತೋರಿಸಿದೆ. ಅವರು ಎದ್ದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು ಕೇಳಿತು, ಆ ಮೇಲೆ ಯಾವ ಸೀರೆ ಉಡಲಿ ಎಂದು ಒಳಗಿಂದಲೇ ಕೇಳಿದರು.

ಸಂಕ್ರಮಣ ಕಳೆದು ಹತ್ತನೇ ದಿನ ನಾನು, ಅತ್ತೆ, ವಿಸ್ಮಿತಾ ಪಾಣೆಮಂಗಳೂರಿನಲ್ಲಿ ಇಳಿದೆವು. ಹತ್ತು ಮನೆ ದೂರ ಇರುವಾಗಲೇ ಅತ್ತೆ ಮೂಗೆತ್ತಿದರು. ತಿರುವು ದಾಟಿದರೆ ಡೊಂಕು ಗೋಡೆಯ ಒಂದು ಕಲ್ಲೂ ಕಾಣುತ್ತಿರಲಿಲ್ಲ, ಅಷ್ಟು ಹೂ. ಗೆಲ್ಲುಗಳು ಭಾರಕ್ಕೆ ರಸ್ತೆ ಮುಟ್ಟಿದ್ದವು. ಗೇಟಿನ ಬಳಿ ಕಾಯುತ್ತಿದ್ದ ಖತೀಜಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಅತ್ತೆ ಕನ್ನಡಕ ತೆಗೆದು ಹೊಸ ಕಣ್ಣಲ್ಲಿ ನೋಡಿದರು. "ಇಷ್ಟು ಬಣ್ಣ ಇತ್ತಾ ಇದಕ್ಕೆ" ಎಂದರು. ಎಷ್ಟು ವರ್ಷದಿಂದ ಅವರಿಗೆ ಅದು ಮಂಜಾಗಿ ಕಾಣುತ್ತಿತ್ತೋ, ಯಾರಿಗೂ ಹೇಳಿರಲಿಲ್ಲ.

ವಿಸ್ಮಿತಾ ಮೂರು ಹೂ ಬಿಡಿಸಿ ಎಸಳು ಎಣಿಸಲು ಕೂತಳು. ಅತ್ತೆ ನಾಲ್ಕನೆಯದನ್ನು ತೆಗೆದುಕೊಂಡು ಖತೀಜಮ್ಮನ ಜೊತೆ ಮಾತಾಡುತ್ತಾ ಬೆರಳಲ್ಲೇ ಬಿಡಿಸಿದರು. ಅವಳಿಗೆ ಎಪ್ಪತ್ತಮೂರು, ಎಪ್ಪತ್ತೇಳು, ಎಪ್ಪತ್ತಾರು ಬಂತು. ಅತ್ತೆ, "ಮೂರು ಕಟ್ಟು, ಮೇಲೆ ಒಂದು" ಎಂದರು. ವಿಸ್ಮಿತಾ ಅವರ ಮಡಿಲಿನ ಎಸಳನ್ನು ಎಣಿಸಲು ಹೋಗಲಿಲ್ಲ. ಫಾರಂ ತೆಗೆದು ಪ್ರಶ್ನೆಯ ಗುರುತನ್ನು ಹೊಡೆದು ಹಾಕಿದಳು. ಬ್ರಾಂಚಿನ ಯಜಮಾನರ ಬುದ್ಧಿ ಅವಳಿಗೆ ಒಂದೇ ದಿನದಲ್ಲಿ ಬಂತು.

ಗಿಡ ಕಾಪಾಡಿದವರ ಹೆಸರು ಎಂಬ ಕಾಲಮ್ಮಿಗೆ ಬಂದಾಗ ಇಬ್ಬರೂ ಒಂದೇ ಸಲ ಇನ್ನೊಬ್ಬರ ಹೆಸರು ಹೇಳಿದರು. ಸ್ವಲ್ಪ ಜಗಳವೇ ಆಯಿತು. ವಿಸ್ಮಿತಾ ಎರಡನ್ನೂ ಬರೆದಳು. ಉಳಿದದ್ದು ವಿಶೇಷ ಗುಣ ಎಂಬ ಕೊನೆಯ ಕಾಲಂ.

"ಹಿಂದಿನ ವರ್ಷದ ಗೆಲ್ಲಲ್ಲಿ ಮಾತ್ರ ಹೂ. ಕತ್ತಿ ತಾಗಿಸಬಾರದು" ಎಂದರು ಅತ್ತೆ.

"ಅದನ್ನು ಹಾಗೇ ಬರೆಯಲಿಕ್ಕೆ ಆಗುವುದಿಲ್ಲ ಅಮ್ಮ. ಸವರಿದರೆ ಹೂ ಬರುವುದಿಲ್ಲ ಅಂತ ಯಾರಾದರೂ ಮಾಡಿ ನೋಡಿದ್ದಾರಾ? ಇಲ್ಲದಿದ್ದರೆ ಅದು ಕೇಳಿದ ಮಾತಾಗ್ತದೆ."

ನಾನು ನೆಲ ನೋಡಿದೆ. ನಮ್ಮ ಗಿಡದಲ್ಲಿ ಈ ವರ್ಷ ಹೂ ಇಲ್ಲ, ಪಾಣೆಮಂಗಳೂರಿಗೆ ಹೋಗುವ ಎಂದಷ್ಟೇ ನಾವು ಅವಳಿಗೆ ಹೇಳಿದ್ದೆವು. ಯಾಕೆ ಇಲ್ಲ ಎಂದು ಹೇಳಿರಲಿಲ್ಲ. ಖತೀಜಮ್ಮನಿಗೂ ಹೇಳಿರಲಿಲ್ಲ.

"ನೋಡಿದ್ದಾಳೆ" ಎಂದರು ಅತ್ತೆ. "ನನ್ನ ಸೊಸೆ. ಮೂವತ್ತು ಬುಡ ಮಲ್ಲಿಗೆ ಸವರಿ ಬೆಳೆಸಿದ ಕೈ ಅವಳದ್ದು. ಅವಳು ಕಡಿದ ಒಂದೊಂದು ತುದಿಯನ್ನೂ ನಾನು ಮುಟ್ಟಿ ನೋಡಿದ್ದೇನೆ, ಒಂದರಲ್ಲಿಯೂ ತಪ್ಪಿಲ್ಲ. ಅಷ್ಟು ಚಂದ ಸವರಿಯೂ ಹೂ ಬರಲಿಲ್ಲ ಅಂದ್ರೆ ಅದು ಕೈಯ ದೋಷ ಅಲ್ಲ, ಗಿಡದ ಗುಣ. ಅವಳ ಹೆಸರು ಬರೆಯಿರಿ."

ವಿಸ್ಮಿತಾ ಬರೆದಳು. ಪುಸ್ತಕದ ನೂರ ಹದಿನೆಂಟನೇ ಪುಟದಲ್ಲಿ ಅದು ಹಾಗೇ ಅಚ್ಚಾಗಿದೆ: ಹಳೆಯ ಗೆಲ್ಲುಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ ಹೂ, ಸವರಿದ ವರ್ಷ ಹೂವಿಲ್ಲ, ಪ್ರತ್ಯಕ್ಷ ಕಂಡವರು ಹರಿಣಾಕ್ಷಿ, ಮಡಂತ್ಯಾರು. ಅದರ ಮೇಲೆ ಅತ್ತೆಯ ಮತ್ತು ಖತೀಜಮ್ಮನ ಹೆಸರು, ಒಂದೂವರೆ ಸಾಲು. ನಾನು ಆ ಪುಟವನ್ನು ಬಸ್ಸಿನಲ್ಲಿ, ಬ್ರಾಂಚಿನಲ್ಲಿ, ನರ್ಸರಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ತಪ್ಪು ಮಾಡಿ ಪುಸ್ತಕದಲ್ಲಿ ಹೆಸರು ಬರಿಸಿಕೊಂಡವಳು ನೀನೊಬ್ಬಳೇ ಎಂದು ವಸಂತ ಹೇಳುತ್ತಾರೆ, ಹೇಳಲಿ.

ಈ ಜನವರಿಯಲ್ಲಿ ನಮ್ಮ ಗಿಡ, ನಾನು ಸವರಿದ ಮೇಲೆ ಬಂದ ಆ ಉದ್ದ ಗೆಲ್ಲುಗಳಲ್ಲಿ, ಅಂಗಳಕ್ಕೆ ಕಾಲಿಡಲು ಜಾಗವಿಲ್ಲದ ಹಾಗೆ ಹೂ ಬಿಟ್ಟಿತು. ಇಪ್ಪತ್ತೆರಡು ದಿನ, ಒಂದು ದಿನ ಹೆಚ್ಚಿಲ್ಲ. ಅದಕ್ಕೂ ಮೊದಲು, ಆಟಿಯ ಮಳೆಯಲ್ಲಿ, ಅತ್ತೆ ಒಂದು ಗೆಲ್ಲನ್ನು ಬಗ್ಗಿಸಿ ಹೂತು ಮೇಲೆ ಕಲ್ಲಿಟ್ಟಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ. ಬೇರು ಬಂದ ಮೇಲೆ ಹಾಳೆಯಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟರು, ಶಿರ್ತಾಡಿಯ ಅಂಗಳದಲ್ಲಿ ನೆಟ್ಟು ಬಾ ಎಂದರು. ಕತ್ತಿಯ ಮಾತು ಆಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಪಾಣೆಮಂಗಳೂರಿನಲ್ಲಿ, ಅದೊಂದೇ ಸಲ. ನನಗೆ ಅಷ್ಟು ಸಾಕು.